ಕೆರೆ ಕಾಯುವ ಸರ್ಕಾರಿ ಸೇವೆ: ಯಾವ ಕಚೇರಿ ಎಷ್ಟು ಕೆಲಸಕ್ಕೆ ಬರುತ್ತದೆ?

ಕರ್ನಾಟಕದ ಯಾವುದೇ ಕೆರೆಯನ್ನು ತೆಗೆದುಕೊಳ್ಳಿ, ಅದರ ಮೇಲೆ ಕಡಿಮೆಯೆಂದರೂ ಐದು ಕಚೇರಿಗಳ ಕೈ ಇರುತ್ತದೆ. ನೆಲ ಕಂದಾಯ ಇಲಾಖೆಯದು. ಏರಿ, ತೂಬು, ಕೋಡಿ ಸಣ್ಣ ನೀರಾವರಿಯದ್ದೋ ಪಂಚಾಯಿತಿಯದ್ದೋ ಪಾಲಿಕೆಯದ್ದೋ. ನೀರಿನ ಗುಣಮಟ್ಟ ಮಾಲಿನ್ಯ ನಿಯಂತ್ರಣ ಮಂಡಳಿಯದು. ದಡದ ಪಕ್ಕ ಏಳುವ ಕಟ್ಟಡ ನಕ್ಷೆ ಮಂಜೂರು ಮಾಡುವವರದು. ಮೀನು ಇನ್ನೊಬ್ಬರದು. ಇವೆಲ್ಲದರ ಮೇಲೆ ರಾಜ್ಯದ ಜೌಗು ಪ್ರದೇಶ ಪ್ರಾಧಿಕಾರ ಮತ್ತು ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ. ನಮ್ಮ ತೆರಿಗೆ ದುಡ್ಡಿನಲ್ಲಿ ನಡೆಯುವ ಈ ಸೇವೆಗೆ ಗಿರಾಕಿಗಳು ಎರಡು ಬಗೆ: ಕೆರೆಯ ಹತ್ತಿರ ಏನಾದರೂ ಮಾಡಲು ಅನುಮತಿ ಬೇಕಾದವರು, ಅನುಮತಿಯಿಲ್ಲದೆ ನಡೆಯುತ್ತಿರುವುದನ್ನು ನಿಲ್ಲಿಸಬೇಕಾದವರು. ಈ ವಿಮರ್ಶೆ ಇಬ್ಬರಿಗೂ.

ತೀರ್ಪು ಮೊದಲೇ ಹೇಳಿಬಿಡೋಣ. ಕಾನೂನಿಗೆ ಐದಕ್ಕೆ ನಾಲ್ಕು. ದೂರು ಸ್ವೀಕರಿಸುವ ವ್ಯವಸ್ಥೆಗೆ ಮೂರು. ಗಡಿ ಗುರುತಿಸುವ ಕೆಲಸಕ್ಕೆ ಒಂದೂವರೆ. ಈ ಕೊನೆಯ ಅಂಕವೇ ಉಳಿದೆರಡನ್ನೂ ಕೆಳಗೆ ಎಳೆಯುತ್ತದೆ, ಏಕೆಂದರೆ ಪರವಾನಗಿ, ನೋಟಿಸು, ದಂಡ, ತೆರವು ಎಲ್ಲವೂ ಕೆರೆ ಎಲ್ಲಿ ಮುಗಿಯುತ್ತದೆ ಎಂಬ ಒಂದು ಗೆರೆಯ ಮೇಲೆ ನಿಂತಿವೆ.

2017ರ ಕೇಂದ್ರ ನಿಯಮ

ಜೌಗು ಪ್ರದೇಶಗಳ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು 2017ರ ಸೆಪ್ಟೆಂಬರ್ 26ರಂದು, 1986ರ ಪರಿಸರ (ಸಂರಕ್ಷಣೆ) ಕಾಯ್ದೆಯ ಅಡಿಯಲ್ಲಿ ಬಂದವು. ನಾಲ್ಕನೇ ನಿಯಮದ ನಿಷೇಧಗಳ ಪಟ್ಟಿ ಗಟ್ಟಿಯಾಗಿದೆ. ಯಾವ ರೀತಿಯ ಒತ್ತುವರಿಯೂ ಇಲ್ಲ, ಹೊಸ ಕೈಗಾರಿಕೆ ಇಲ್ಲ, ಇದ್ದದ್ದನ್ನು ಬೆಳೆಸುವಂತಿಲ್ಲ, ಕಸ ಮತ್ತು ಕಟ್ಟಡ ತ್ಯಾಜ್ಯ ಸುರಿಯುವಂತಿಲ್ಲ, ಸಂಸ್ಕರಿಸದ ಕೊಳಚೆ ಬಿಡುವಂತಿಲ್ಲ. ಹತ್ತು ವರ್ಷಗಳ ಸರಾಸರಿ ಪ್ರವಾಹ ಮಟ್ಟದಿಂದ 50 ಮೀಟರ್ ಒಳಗೆ ದೋಣಿಗಟ್ಟೆ ಬಿಟ್ಟು ಬೇರೆ ಶಾಶ್ವತ ಕಟ್ಟಡ ಇಲ್ಲ.

ತೊಡಕು ಇರುವುದು ಯಾವುದು ಜೌಗು ಪ್ರದೇಶ ಎಂಬಲ್ಲಿ. ನದಿ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆಂದು ಕಟ್ಟಿದ ಜಲಕಾಯ, ಮೀನು ಸಾಕಣೆ, ಉಪ್ಪು ತಯಾರಿ, ಮನರಂಜನೆ ಮತ್ತು ನೀರಾವರಿಗೆಂದು ಕಟ್ಟಿದ ರಚನೆಗಳನ್ನು ನಿಯಮ ಹೊರಗಿಟ್ಟಿದೆ. ಬಯಲುಸೀಮೆಯಲ್ಲಿ ನೀರಾವರಿಗೆಂದು ಕಟ್ಟದ ಕೆರೆ ಎಷ್ಟಿವೆ? ಏರಿ, ತೂಬು, ಅಚ್ಚುಕಟ್ಟು ಇರುವ ಕೆರೆಯೆಲ್ಲ ಈ ಒಂದು ಪದದಿಂದ ಜಾರಿಹೋಗಬಹುದು. ಬಿಲ್ಡರ್ ಪರ ವಕೀಲರು ಮೊದಲು ಎತ್ತುವ ವಾದವೂ ಇದೇ.

ಅರಣ್ಯ, ವನ್ಯಜೀವಿ ಮತ್ತು ಕರಾವಳಿ ನಿಯಂತ್ರಣ ವಲಯದ ಕಾನೂನುಗಳು ಅನ್ವಯಿಸುವ ಜಾಗಗಳನ್ನೂ ನಿಯಮ ಆಯಾ ಕಾನೂನಿಗೇ ಬಿಟ್ಟುಕೊಡುತ್ತದೆ. ರಾಜ್ಯದ ನಾಲ್ಕು ರಾಮ್ಸಾರ್ ತಾಣಗಳಾದ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದವು) ರಂಗನತಿಟ್ಟು (2022), ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ (ಮೂರೂ 2024) ಕಡೆ ನೋಡಿದರೆ ಇದು ಅರ್ಥವಾಗುತ್ತದೆ. ರಂಗನತಿಟ್ಟಿನಲ್ಲಿ ತಪ್ಪು ಮಾಡಿದವನ ಮೇಲೆ ಕೇಸು ಹಾಕುವುದು ಅರಣ್ಯಾಧಿಕಾರಿ, 1972ರ ವನ್ಯಜೀವಿ ಕಾಯ್ದೆಯಡಿ. ಅಘನಾಶಿನಿಯ ದಡದಲ್ಲಿ ಕಟ್ಟಡ ಎದ್ದರೆ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಬಾಗಿಲು ತಟ್ಟಬೇಕು. ರಾಮ್ಸಾರ್ ಎಂಬ ಹೆಸರು ಹಲಗೆಗೆ ಚೆಂದ. ದೂರಿನಲ್ಲಿ ಅದನ್ನು ಮಾತ್ರ ಬರೆದರೆ ಗುಮಾಸ್ತರಿಗೆ ಯಾವ ಕಡತಕ್ಕೆ ಹಾಕಬೇಕೆಂದೇ ತಿಳಿಯುವುದಿಲ್ಲ.

ಉಳಿದ ಜಾಗಗಳನ್ನು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿಯೇ ನಿಯಮದ ಕೆಳಗೆ ತರಬೇಕು. ಅದಕ್ಕೆ ಪ್ರತಿ ಜಾಗಕ್ಕೂ ಒಂದು ಸಂಕ್ಷಿಪ್ತ ದಾಖಲೆ ಬೇಕು. ಗಡಿಯ ಡಿಜಿಟಲ್ ನಕ್ಷೆ, ಸ್ಥಳದಲ್ಲಿ ಅದರ ತಾಳೆ, ಪ್ರಭಾವ ವಲಯ, ಮೊದಲಿನಿಂದ ಇರುವ ಹಕ್ಕುಗಳು, ಅಲ್ಲಿ ನಿಯಂತ್ರಿಸಬೇಕಾದ ಮತ್ತು ಅನುಮತಿಸಬಹುದಾದ ಚಟುವಟಿಕೆಗಳು ಅದರಲ್ಲಿ ಇರಬೇಕು. ಜೌಗು ಪ್ರದೇಶ ಪ್ರಾಧಿಕಾರ ಶಿಫಾರಸು ಮಾಡಿದ ಮೇಲೆ ಆಕ್ಷೇಪಣೆ ಕೇಳಿ 240 ದಿನದೊಳಗೆ ಅಧಿಸೂಚನೆ ಆಗಬೇಕು. ಮೀನುಗಾರರು ಮತ್ತು ಅಚ್ಚುಕಟ್ಟಿನ ರೈತರು ಗಮನಿಸಬೇಕಾದದ್ದು ಹಕ್ಕುಗಳ ಪಟ್ಟಿ. ಅದರಲ್ಲಿ ನಿಮ್ಮ ಬಲೆ, ನಿಮ್ಮ ತೂಬಿನ ಸರದಿ, ದನ ನೀರಿಗಿಳಿಸುವ ದಾರಿ ಬಿಟ್ಟುಹೋದರೆ, ನಾಳೆ ಕಾವಲುಗಾರ ತಡೆಯುವುದು ನಿಮ್ಮನ್ನೇ. ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಅದನ್ನು ಸೇರಿಸಿಸುವುದು ದುಸ್ತರ.

ಅಧಿಸೂಚನೆ ಇಲ್ಲದ ಜಾಗಕ್ಕೂ ಒಂದು ಆಸರೆ ಇದೆ. ಎಂ.ಕೆ. ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಫೆಬ್ರವರಿ 8ರಂದು, ಉಪಗ್ರಹ ಚಿತ್ರದಿಂದ ಗುರುತಿಸಿದ, 2.25 ಹೆಕ್ಟೇರ್‌ಗಿಂತ ದೊಡ್ಡದಾದ 2,01,503 ಜೌಗು ಪ್ರದೇಶಗಳನ್ನು, ಆಗ ಜಾರಿಯಲ್ಲಿದ್ದ 2010ರ ನಿಯಮಗಳ ನಾಲ್ಕನೇ ನಿಯಮದ ತತ್ವಗಳ ಪ್ರಕಾರ ಕಾಯಬೇಕೆಂದು ಹೇಳಿತು. 2024ರ ಡಿಸೆಂಬರ್ 11ರ ಆದೇಶದ ಹೊತ್ತಿಗೆ ಆ ಸಂಖ್ಯೆ 2,31,195ಕ್ಕೆ ಏರಿತ್ತು. ಸ್ಥಳ ಪರಿಶೀಲನೆ ಮತ್ತು ಗಡಿ ಗುರುತನ್ನು ಮೂರು ತಿಂಗಳಲ್ಲಿ ಮುಗಿಸಿ ಎಂದು ರಾಜ್ಯಗಳಿಗೆ ಸೂಚನೆಯೂ ಆಯಿತು. ನಮ್ಮ ಲೆಕ್ಕಕ್ಕೆ ತಂದರೆ 2.25 ಹೆಕ್ಟೇರ್ ಎಂದರೆ ಸುಮಾರು ಐದೂವರೆ ಎಕರೆ. ನಿಮ್ಮ ಊರ ಕೆರೆ ಅದಕ್ಕಿಂತ ದೊಡ್ಡದಿದ್ದರೆ ದೂರಿನಲ್ಲಿ ಈ ಎರಡು ಆದೇಶಗಳ ದಿನಾಂಕ ಕಡ್ಡಾಯವಾಗಿ ಇರಲಿ.

ದಿನನಿತ್ಯದ ಕೆಲಸಕ್ಕೆ ಬರುವುದು ಮಾತ್ರ ರಾಜ್ಯದ್ದೇ ಕಾನೂನು. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ಪ್ರಕಾರ, ನೀರಿರಲಿ ಬತ್ತಿರಲಿ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಎಂದು ಬರೆದಿದ್ದರೆ ಅದು ಕೆರೆಯೇ. ಸುತ್ತಲ ಜಲಾನಯನ, ರಾಜಕಾಲುವೆ, ಏರಿ, ಕೋಡಿ, ತೂಬು ಸಹ ಅದರೊಳಗೆ ಬರುತ್ತವೆ. ಕೇಂದ್ರದ ನಿಯಮ ಕೈಬಿಟ್ಟ ನೀರಾವರಿ ಕೆರೆಯನ್ನು ಇದು ಕೈಹಿಡಿಯುತ್ತದೆ. ‘ಇಲ್ಲಿ ಇಪ್ಪತ್ತು ವರ್ಷದಿಂದ ನೀರೇ ನಿಂತಿಲ್ಲ ಸ್ವಾಮಿ’ ಎಂಬ ವಾದಕ್ಕೆ ಇದರಲ್ಲಿ ಜಾಗವೇ ಇಲ್ಲ.

ಗೆರೆ ಎಳೆಯುವವರು

ಕೆರೆಗೆ ಮೂರು ಅಂಚುಗಳಿವೆ. ಕಂದಾಯ ದಾಖಲೆಯ ಅಂಚು, ಕೋಡಿ ಹರಿಯುವಾಗ ನೀರು ಮುಟ್ಟುವ ಅಂಚು, ಇವತ್ತು ಕಣ್ಣಿಗೆ ಕಾಣುವ ನೀರಿನ ಅಂಚು. ಬೇಲಿ ಹಾಕುವವರು, ನಕ್ಷೆ ಬರೆಯುವವರು, ಕೆಲವೊಮ್ಮೆ ಪರಿಶೀಲನೆಗೆ ಬರುವವರು ಕೂಡ ಮೂರನೆಯದನ್ನೇ ಹಿಡಿಯುತ್ತಾರೆ. ಅದು ಮೂರರಲ್ಲಿ ಅತಿ ಚಿಕ್ಕದು.

ಮೊದಲ ನೋಟಕ್ಕೆ ದಿಶಾಂಕ್ ಆ್ಯಪ್ ಒಳ್ಳೆಯದು, ಉಚಿತ ಕೂಡ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಗ್ರಾಮ ನಕ್ಷೆಯ ಕೆರೆ, ಹಳ್ಳ, ಕಾಲುವೆ ಪರದೆ ಮೇಲೆ ಬರುತ್ತವೆ. ಆದರೆ ಅದನ್ನೇ ಪುರಾವೆ ಮಾಡಿಕೊಂಡು ಜಗಳಕ್ಕೆ ಇಳಿಯಬೇಡಿ. ನಮ್ಮ ಗ್ರಾಮ ನಕ್ಷೆಗಳ ಅಳತೆ ಒಂದು ಇಂಚಿಗೆ 20 ಸರಪಳಿ. ಸರಪಳಿ ಎಂದರೆ 33 ಅಡಿ, ಹದಿನಾರು ಆಣೆ. ಒಟ್ಟಿನಲ್ಲಿ ಇಂಚಿಗೆ 660 ಅಡಿ, ಅಂದರೆ 1:7920. ಆ ಹಾಳೆಯ ಮೇಲೆ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು 8 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಶಾಯಿ ಗೆರೆಯೇ 4 ಮೀಟರ್ ನುಂಗುತ್ತದೆ. ಕೆರೆಯ ಅಂಚಿನಿಂದ ಕಟ್ಟಡವಿಲ್ಲದೆ ಖಾಲಿ ಬಿಡಬೇಕಾದ 30 ಮೀಟರ್ ಬಫರ್ ಕಾಗದದ ಮೇಲೆ ನಾಲ್ಕು ಮಿಲಿಮೀಟರ್ ಕೂಡ ಇಲ್ಲ. ಇಂಥ ಹಾಳೆಯನ್ನು ಸ್ಕ್ಯಾನ್ ಮಾಡಿ, ಎಳೆದು ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ಕಾಂಪೌಂಡು ಆಚೆಗೂ ಹೋಗಬಹುದು, ಈಚೆಗೂ ಬರಬಹುದು.

ಗಟ್ಟಿ ಪುರಾವೆ ಇರುವುದು ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ. ಕೆರೆಯ ಸರ್ವೆ ನಂಬರಿನ ಮೂಲ ಟಿಪ್ಪಣಿ (ಅಳತೆಯ ಹಾಳೆ), ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ), ಗ್ರಾಮ ನಕ್ಷೆ ಮೂರಕ್ಕೂ ದೃಢೀಕೃತ ನಕಲು ಕೇಳಿ. ಟಿಪ್ಪಣಿಯಲ್ಲಿ ಅಳತೆಗಳು ಅಂಕಿಯಲ್ಲೇ ಇರುತ್ತವೆ, ಗೆರೆಯ ದಪ್ಪದ ತಕರಾರು ಬರುವುದಿಲ್ಲ. ಅಕ್ಕಪಕ್ಕದ ಜಮೀನುಗಳ ಪಹಣಿ ತೆಗೆದು ಮೂರನೇ ಕಾಲಂ ನೋಡಿ. ಫೂಟ್ ಖರಾಬು ‘ಬ’ ಎಂದು ಎಷ್ಟು ಗುಂಟೆ ಕಳೆದಿದ್ದಾರೆ ಎಂಬುದರಲ್ಲಿ ಕಾಲುವೆಯೋ ದಾರಿಯೋ ಅಡಗಿರುತ್ತದೆ. ‘ಬ’ ಖರಾಬು ಸಾರ್ವಜನಿಕರದ್ದು, ಜಮೀನಿನವರು ಮಾರುವಂತಿಲ್ಲ. ಕ್ರಯಪತ್ರದಲ್ಲಿ ‘ಖರಾಬು ಸೇರಿ’ ಎಂದು ಬರೆಸಿಕೊಂಡ ಮಾತ್ರಕ್ಕೆ ಅದು ಅವರದ್ದಾಗುವುದೂ ಇಲ್ಲ.

ಕೆರೆಗೆ ಹದ್ದುಬಸ್ತು, ಅಂದರೆ ಅಳೆದು ಗಡಿ ಗುರುತು, ಮಾಡಿಸುವಾಗ ಕೆಡುವುದು ಸಾಮಾನ್ಯವಾಗಿ ನೋಟಿಸಿನಲ್ಲಿ. ಸುತ್ತಲ ಎಲ್ಲ ಹಿಡುವಳಿದಾರರಿಗೂ ಮುಂಚಿತವಾಗಿ ನೋಟಿಸು ಜಾರಿಯಾಗಿ, ಅಳೆಯುವ ದಿನ ಪಂಚನಾಮೆ ಆಗಿ, ಸಹಿ ಹಾಕಲು ಒಪ್ಪದವರ ಹೆಸರೂ ಅದರಲ್ಲಿ ದಾಖಲಾಗಿರಬೇಕು. ಒಬ್ಬರಿಗೆ ನೋಟಿಸು ತಲುಪಿಲ್ಲ ಎಂದಾದರೆ ಆ ಒಬ್ಬರು ಸಾಕು, ಇಡೀ ಸ್ಕೆಚ್ ನ್ಯಾಯಾಲಯದಲ್ಲಿ ಮಲಗುತ್ತದೆ. ಇನ್ನೊಂದು ದೋಷ ಆರಂಭ ಬಿಂದುವಿನದು. ಹಳೆಯ ಗಡಿಕಲ್ಲು ಸಿಗದಿದ್ದಾಗ ರಸ್ತೆಯ ಮೂಲೆಯನ್ನೋ ದೇವಸ್ಥಾನದ ಗೋಡೆಯನ್ನೋ ಹಿಡಿದು ಅಳೆಯಲು ಶುರುಮಾಡುತ್ತಾರೆ. ಯಾವ ಕಲ್ಲಿನಿಂದ, ಯಾವ ಮುಕ್ಕಡ್ಡಿನಿಂದ (ಮೂರು ಗಡಿ ಕೂಡುವ ಜಾಗ) ಆರಂಭಿಸಿದರು ಎಂಬುದು ಸ್ಕೆಚ್‌ನಲ್ಲಿ ಬರೆದಿಲ್ಲದಿದ್ದರೆ ಬರೆಸಿ.

ಎರಡನೇ ಅಂಚಿಗೆ ಕೀಲಿ ಕೋಡಿ. ಕೋಡಿಯ ತಲೆಮಟ್ಟವೇ ಕೆರೆಯ ಪೂರ್ಣ ಮಟ್ಟ. ಅಲ್ಲಿ ಲೆವೆಲ್ ಯಂತ್ರ ಇಟ್ಟು ಅದೇ ಮಟ್ಟವನ್ನು ಸುತ್ತಲೂ ಒಯ್ದರೆ ನೀರು ಎಲ್ಲಿಯವರೆಗೆ ನಿಲ್ಲಬೇಕು ಎಂಬುದು ನೆಲದ ಮೇಲೆ ಸಿಗುತ್ತದೆ. ಇದಕ್ಕೇ ಕೋಡಿಗೆ ಗುದ್ದಲಿ ಬೀಳುವುದು. ಏರಿಯ ಎದುರಿನ ದಡ ಬಹಳ ಸಪಾಟಾಗಿರುತ್ತದೆ. 200 ಮೀಟರಿಗೆ ಒಂದು ಮೀಟರ್ ಇಳಿಜಾರು ಎಂದುಕೊಳ್ಳಿ. ಕೋಡಿಯನ್ನು ಅರ್ಧ ಅಡಿ, ಅಂದರೆ 15 ಸೆಂಟಿಮೀಟರ್ ಕೆತ್ತಿದರೆ ಎದುರು ದಡದಲ್ಲಿ ನೀರು 30 ಮೀಟರ್ ಹಿಂದೆ ಸರಿಯುತ್ತದೆ. ಒಂದು ಬಫರ್‌ನಷ್ಟು ನೆಲ ಯಾವ ಕಾಗದವೂ ಇಲ್ಲದೆ ಒಣಗಿ ನಿಲ್ಲುತ್ತದೆ. ಕೋಡಿ ತಗ್ಗಿಸುವುದನ್ನು, ಗಡಿಕಲ್ಲು ಕೀಳುವುದನ್ನು ರಾಜ್ಯದ ಕಾಯ್ದೆ ನಿಷೇಧಿಸಿದೆ. ಆದರೆ ಕೋಡಿಯ ಮೂಲ ಮಟ್ಟ ಎಷ್ಟಿತ್ತು ಎಂಬುದು ದಾಖಲೆಯಲ್ಲಿ ಇಲ್ಲದಿದ್ದರೆ ತಗ್ಗಿಸಿದ್ದಾರೆ ಎಂದು ತೋರಿಸುವುದು ಹೇಗೆ? ಈಗಲೇ ಒಂದು ಮಟ್ಟ ಅಳೆಸಿ, ಹತ್ತಿರದ ಶಾಶ್ವತ ಗುರುತಿಗೆ ಹೋಲಿಸಿ ಪಂಚಾಯಿತಿ ಕಡತಕ್ಕೆ ಸೇರಿಸಿಡಿ. ಇಡೀ ಸೇವೆಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಉಪಯೋಗದ ಕೆಲಸ ಇದೇ.

ಬಫರ್ ಮತ್ತು ಅನುಮತಿ

ಬೆಂಗಳೂರಿನಲ್ಲಿ ಬಫರ್ ಎಷ್ಟು ಎಂದು ಕೇಳಿದರೆ ಇಂದಿಗೂ ‘75 ಮೀಟರ್’ ಎನ್ನುವವರು ಸಿಗುತ್ತಾರೆ. ಅದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ 4ರಂದು ಹೇಳಿದ ಅಳತೆ: ಕೆರೆಗೆ 75, ಪ್ರಾಥಮಿಕ ರಾಜಕಾಲುವೆಗೆ 50, ದ್ವಿತೀಯಕ್ಕೆ 35, ತೃತೀಯಕ್ಕೆ 25. ಸುಪ್ರೀಂ ಕೋರ್ಟ್ 2019ರ ಮಾರ್ಚ್ 5ರಂದು ಅದನ್ನು ತೆಗೆದುಹಾಕಿತು. ಉಳಿದದ್ದು 2015ರ ಪರಿಷ್ಕೃತ ಮಹಾ ಯೋಜನೆಯ (ಮಾಸ್ಟರ್ ಪ್ಲಾನ್) ಲೆಕ್ಕ. ಕೆರೆಯ ಅಂಚಿನಿಂದ 30 ಮೀಟರ್, ರಾಜಕಾಲುವೆಗಳಿಗೆ ಕ್ರಮವಾಗಿ 50, 25 ಮತ್ತು 15 ಮೀಟರ್. ಈ ಕೊನೆಯ ಮೂರು ಅಳತೆ ಕಾಲುವೆಯ ನಡುಗೆರೆಯಿಂದ ಎಂಬುದನ್ನು ಮರೆಯಬೇಡಿ. 30 ಮೀಟರ್ ಅಗಲದ ಕಾಲುವೆಗೆ 50 ಮೀಟರ್ ಬಫರ್ ಎಂದರೆ ಅಂಚಿನಿಂದ ಸಿಗುವುದು 35 ಮಾತ್ರ. ಕಾಲುವೆಯನ್ನೇ ಕಿರಿದು ಮಾಡಿ ಒಂದು ಪಕ್ಕಕ್ಕೆ ತಳ್ಳಿದ್ದರೆ ನಡುಗೆರೆಯೂ ಜರುಗಿರುತ್ತದೆ. ಆದ್ದರಿಂದ ಕಾಂಕ್ರೀಟು ಗೋಡೆಯ ನಡುವನ್ನಲ್ಲ, ದಾಖಲೆಯ ಕಾಲುವೆಯ ನಡುವನ್ನು ಕೇಳಿ.

2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ, ಕೆರೆ ಪ್ರಾಧಿಕಾರ ಕಾಯ್ದೆಯ ತಿದ್ದುಪಡಿ ಮಸೂದೆ ಎಲ್ಲ ಕೆರೆಗೂ ಒಂದೇ ಬಫರ್ ಎಂಬುದನ್ನು ಬಿಟ್ಟು ವಿಸ್ತೀರ್ಣಕ್ಕೆ ತಕ್ಕ ಮೆಟ್ಟಿಲು ಮಾಡಿತು. 100 ಎಕರೆ ಮೀರಿದ ಕೆರೆಗೆ 30 ಮೀಟರ್, ಕೆಳಗಿಳಿದಂತೆ ಕಡಿಮೆ, ಚಿಕ್ಕ ಕುಂಟೆಗೆ ಏನೂ ಇಲ್ಲ. ಇದು ತಲೆಕೆಳಗಾದ ಲೆಕ್ಕ. ಮೂರು ಎಕರೆಯ ಕಟ್ಟೆಗೇ ಸುತ್ತಲ ಮಣ್ಣು ಮತ್ತು ಹುಲ್ಲಿನ ಶೋಧಕ ಹೆಚ್ಚು ಬೇಕು, ಏಕೆಂದರೆ ಬಂದ ಹೊಲಸನ್ನು ತೆಳುಮಾಡಲು ಅದರಲ್ಲಿ ನೀರೇ ಇಲ್ಲ. ಅರ್ಜಿ ಹಾಕುವ ಮುನ್ನ ಆ ದಿನಕ್ಕೆ ರಾಜ್ಯಪತ್ರದಲ್ಲಿ ಏನಿದೆ ಎಂದು ನೋಡಿಕೊಳ್ಳಿ, ದಲ್ಲಾಳಿಯ ಬಾಯಿಮಾತು ಬೇಡ.

ಅನುಮತಿ ಬೇಕಾದವರಿಗೆ ಸರಿಯಾದ ಕ್ರಮ ಹೀಗೆ. ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆ ಮೂಲಕ ನಿಮ್ಮ ಜಮೀನಿನ ಹದ್ದುಬಸ್ತಿಗೆ ಅರ್ಜಿ ಹಾಕಿ, ಸ್ಕೆಚ್‌ನಲ್ಲಿ ಪಕ್ಕದ ಕೆರೆ ಮತ್ತು ಕಾಲುವೆಯ ದೂರವನ್ನೂ ತೋರಿಸಲು ಲಿಖಿತವಾಗಿ ಕೋರಿ. ಬರೀ ನಿಮ್ಮ ಸರ್ವೆ ನಂಬರ್ ಅಳೆಸಿ ತಂದರೆ ನಕ್ಷೆ ಮಂಜೂರಾಗಬಹುದು, ಕಾಲುವೆ ಆಮೇಲೆ ಪತ್ತೆಯಾಗುತ್ತದೆ, ಅಷ್ಟರಲ್ಲಿ ತಳಪಾಯ ಎದ್ದಿರುತ್ತದೆ. ಆಮೇಲೆ ಮಹಾ ಯೋಜನೆಯ ವಲಯ, ನಕ್ಷೆ ಮಂಜೂರಾತಿ. ನಿರ್ಮಾಣ ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪರಿಸರ ಅನುಮೋದನೆ ಬೇಕು, ಅರ್ಜಿ ಪರಿವೇಶ್ ಜಾಲತಾಣದಲ್ಲಿ. ಜೊತೆಗೆ ಮಾಲಿನ್ಯ ಮಂಡಳಿಯ ಸ್ಥಾಪನಾ ಸಮ್ಮತಿ, ಕಟ್ಟಡ ಮುಗಿದ ಮೇಲೆ ಕಾರ್ಯಾಚರಣೆ ಸಮ್ಮತಿ. ಜಲ ಕಾಯ್ದೆಯ 25ನೇ ಕಲಮಿನಂತೆ ನಾಲ್ಕು ತಿಂಗಳಲ್ಲಿ ಮಂಡಳಿ ಉತ್ತರಿಸದಿದ್ದರೆ ಸಮ್ಮತಿ ಸಿಕ್ಕಂತೆಯೇ. ಈ ಗಡುವು ಅರ್ಜಿದಾರರಿಗೆ ವರ, ಕೆರೆಗೆ ಅಲ್ಲ. ಒಂದು ಕಚೇರಿಯ ನಿರಾಕ್ಷೇಪಣಾ ಪತ್ರ ಇನ್ನೊಂದನ್ನು ಕಟ್ಟಿಹಾಕುವುದಿಲ್ಲ. ಜಲಮಂಡಳಿ ಸಂಪರ್ಕ ಕೊಟ್ಟಿದೆ ಎಂದ ಮಾತ್ರಕ್ಕೆ ಬಫರ್ ಮಾಯವಾಗುವುದಿಲ್ಲ. ಕಾಲುವೆಗೆ ಚಪ್ಪಡಿ ಮುಚ್ಚಿದರೂ ಮಾಯವಾಗುವುದಿಲ್ಲ.

ಮನೆ ಕೊಳ್ಳುವವರಿಗೂ ಪರಿವೇಶ್ ಉಪಯುಕ್ತ. ಯೋಜನೆಯ ಅನುಮೋದನೆ ಪತ್ರ ತೆಗೆದು ಷರತ್ತುಗಳಲ್ಲಿ ಕೆರೆ, ಕಾಲುವೆ ಎಂಬ ಪದ ಹುಡುಕಿ. ಪ್ರತಿ ಜೂನ್ 1 ಮತ್ತು ಡಿಸೆಂಬರ್ 1ರ ಅರ್ಧವಾರ್ಷಿಕ ಪಾಲನಾ ವರದಿ ಇದೆಯೇ ನೋಡಿ. ವರದಿಯೇ ಇಲ್ಲದ ಯೋಜನೆಯಲ್ಲಿ ಕೊಳಚೆ ಸಂಸ್ಕರಣಾ ಘಟಕ ಓಡುತ್ತಿದೆ ಎಂದು ನಂಬಲು ಕಾರಣವೂ ಇಲ್ಲ.

ದೂರು, ನೋಟಿಸು, ತೆರವು

ಸಹಾಯವಾಣಿಗಳು (ರಾಜ್ಯದ 1902, ಬೆಂಗಳೂರಿನ 1533) ದೂರಿನ ಸಂಖ್ಯೆ ಕೊಡುತ್ತವೆ. ಅದಕ್ಕಷ್ಟೇ ಬಳಸಿ. ಕೆಲಸ ಆಗುವುದು ಸರಿಯಾದ ಅಧಿಕಾರಿಗೆ ಬರೆದ ಕಾಗದದಿಂದ. ಒತ್ತುವರಿಯಾದರೆ ತಹಶೀಲ್ದಾರ್, ಕೊಳಚೆಯಾದರೆ ಮಾಲಿನ್ಯ ಮಂಡಳಿಯ ಪ್ರಾದೇಶಿಕ ಕಚೇರಿ, ಕಟ್ಟಡ ತ್ಯಾಜ್ಯವಾದರೆ ಪಾಲಿಕೆ ಅಥವಾ ಪಂಚಾಯಿತಿ, ಬಫರ್‌ನಲ್ಲಿ ಕಟ್ಟಡವಾದರೆ ನಕ್ಷೆ ಮಂಜೂರು ಮಾಡಿದವರು. ಹಳ್ಳಿಯಲ್ಲಿ ಏರಿ, ಕೋಡಿಯ ವಿಷಯಕ್ಕೆ ಅಚ್ಚುಕಟ್ಟು ಎಷ್ಟೆಂದು ಮೊದಲು ಕೇಳಿ. 40 ಹೆಕ್ಟೇರ್ ಮೀರಿದರೆ ಸಣ್ಣ ನೀರಾವರಿ, ಒಳಗಿದ್ದರೆ ಪಂಚಾಯತ್ ರಾಜ್. ಈ ಒಂದು ಸಂಖ್ಯೆ ಗೊತ್ತಿಲ್ಲದೆ ಎರಡು ಇಲಾಖೆಗಳ ನಡುವೆ ಚೆಂಡಾಟವಾಗುವ ಅರ್ಜಿಗಳಿಗೆ ಲೆಕ್ಕವಿಲ್ಲ. ನಾಲ್ಕೂ ದೂರನ್ನು ಒಂದೇ ಪತ್ರದಲ್ಲಿ ತುಂಬಬೇಡಿ, ಪ್ರತಿಯೊಬ್ಬರೂ ಉಳಿದ ಮೂರಕ್ಕೆ ಬೆರಳು ತೋರಿಸಿ ಕಡತ ಮುಚ್ಚುತ್ತಾರೆ.

ಕಂದಾಯ ಇಲಾಖೆಗೆ ಅಧಿಕಾರದ ಕೊರತೆ ಇಲ್ಲ. 1964ರ ಭೂ ಕಂದಾಯ ಕಾಯ್ದೆಯ 67ನೇ ಕಲಮಿನಂತೆ ಕೆರೆ ಸರ್ಕಾರದ ಆಸ್ತಿ. 104ರಡಿ ಒತ್ತುವರಿದಾರರನ್ನು ಸಂಕ್ಷಿಪ್ತ ವಿಚಾರಣೆಯಲ್ಲೇ ಎಬ್ಬಿಸಬಹುದು, 192-ಎ ಅಡಿ ಅದು ಕ್ರಿಮಿನಲ್ ಅಪರಾಧ ಕೂಡ. 2011ರ ಭೂಕಬಳಿಕೆ ನಿಷೇಧ ಕಾಯ್ದೆ ಮತ್ತು ಅದರ ವಿಶೇಷ ನ್ಯಾಯಾಲಯ ಬೇರೆ. ‘ಸಾಗುವಳಿ ಸಕ್ರಮಕ್ಕೆ ಫಾರಂ 57 ಹಾಕಿದ್ದೇನೆ, ಬಗರ್ ಹುಕುಂ ಸಮಿತಿ ಮುಂದಿದೆ’ ಎಂಬುದು ಕೆರೆ ಅಂಗಳದಲ್ಲಿ ನಿಲ್ಲುವ ಮಾತಲ್ಲ. ಊರಿನ ಕೆರೆ-ಕುಂಟೆಗಳ ಒತ್ತುವರಿ ಸಕ್ರಮ ಮಾಡಬಾರದೆಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹಾಗಿದ್ದೂ ತೆರವು ನಿಂತುಹೋಗುವುದು ಸ್ಕೆಚ್ ಇಲ್ಲದ ನೋಟಿಸಿನಿಂದ, ತಪ್ಪು ಹಿಸ್ಸಾ ನಂಬರಿನಿಂದ, ಉತ್ತರ ಕೊಡಲು ಸಮಯ ಬಿಡದೆ ಬೆಳಗಾಗುವಷ್ಟರಲ್ಲಿ ಜೆಸಿಬಿ ತಂದು ನಿಲ್ಲಿಸುವುದರಿಂದ. ಅಬ್ಬರದ ತೆರವು ಟಿವಿಗೆ ಚೆನ್ನ, ತಡೆಯಾಜ್ಞೆಗೆ ಇನ್ನೂ ಚೆನ್ನ. ತಡೆಯಾಜ್ಞೆ ಬಂದ ಮೇಲೆ ಅದನ್ನು ತೆರವುಗೊಳಿಸಲು ಸರ್ಕಾರಿ ವಕೀಲರು ಅರ್ಜಿ ಹಾಕಿದ್ದಾರೆಯೇ ಎಂದು ಕೇಳುವವರು ಅಪರೂಪ. ಮಾಹಿತಿ ಹಕ್ಕಿನಲ್ಲಿ ಕೇಳಬೇಕಾದ ಪ್ರಶ್ನೆ ಅದೇ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದಾಗಿ, ಸುಮಾರು 150 ಪದದೊಳಗೆ ಇರಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

ಮಾಲಿನ್ಯ ಮಂಡಳಿಯ ವರದಿ ಓದುವ ಬಗೆ

ಕೆರೆ ನೀರನ್ನು ಎ ಯಿಂದ ಇ ವರೆಗೆ ದರ್ಜೆ ಮಾಡುತ್ತಾರೆ. ಪತ್ರಿಕೆಯಲ್ಲಿ ‘ಡಿ ದರ್ಜೆಗೆ ಏರಿದ ಕೆರೆ’ ಎಂದು ಬಂದರೆ ಹಿಗ್ಗುವ ಮೊದಲು ಮಾನದಂಡ ನೋಡಿ. ಡಿ ದರ್ಜೆಗೆ ಬೇಕಾದದ್ದು ಮೂರೇ: ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಹೆಚ್ಚು, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಅಥವಾ ಕಡಿಮೆ. ಬಿಒಡಿಗೆ (ನೀರಿನ ಕೊಳಕು ಕೊಳೆಯಲು ಬೇಕಾದ ಆಮ್ಲಜನಕ, ಅಂದರೆ ಕೊಳಚೆಯ ಅಳತೆ) ಮಿತಿ ಇಲ್ಲ, ಮಲದ ಬ್ಯಾಕ್ಟೀರಿಯಾಗೂ ಇಲ್ಲ. ಇ ದರ್ಜೆಯಂತೂ ಪಿಎಚ್, ಲವಣ, ಸೋಡಿಯಂ, ಬೋರಾನ್ ಮಾತ್ರ ನೋಡುತ್ತದೆ. ಕೊಳಚೆಯಿಂದ ಕೊಬ್ಬಿ ಪಾಚಿ ಹಸಿರಾಗಿರುವ ಕೆರೆಯಲ್ಲಿ ಮಧ್ಯಾಹ್ನ ಬಾಟಲಿ ಮುಳುಗಿಸಿದರೆ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ, ಬಿಸಿಲಿಗೆ ಪಾಚಿಯೇ ಅದನ್ನು ಉಸಿರುತ್ತಿರುತ್ತದೆ. ಅದೇ ಪಾಚಿ ರಾತ್ರಿ ಆಮ್ಲಜನಕ ನುಂಗುತ್ತದೆ, ಮೀನು ಸಾಯುವುದು ಬೆಳಗಿನ ಜಾವ. ಆದ್ದರಿಂದ ವರದಿಯಲ್ಲಿ ದರ್ಜೆಗಿಂತ ಮೊದಲು ಮಾದರಿ ತೆಗೆದ ಗಂಟೆ, ಕೆರೆಯ ಯಾವ ಮೂಲೆ, ಮತ್ತು ಬಿಒಡಿ ಅಂಕಿ ಓದಿ. ಒಳಹರಿವಿನ ಬಾಯಲ್ಲಿ ತೆಗೆದ ಮಾದರಿಗೂ ಕೋಡಿಯ ಹತ್ತಿರದ್ದಕ್ಕೂ ಅಜಗಜಾಂತರ.

ಮಂಡಳಿಯ ಬಲವಾದ ಆಯುಧ ಜಲ ಕಾಯ್ದೆಯ 33-ಎ ಕಲಮು. ಮುಚ್ಚಿಸಬಹುದು, ವಿದ್ಯುತ್ ಮತ್ತು ನೀರು ಕಡಿತ ಮಾಡಿಸಬಹುದು. ಪರಿಹಾರ ದಂಡಕ್ಕೆ ಕೇಂದ್ರ ಮಂಡಳಿಯ ಸೂತ್ರವೊಂದಿದೆ: ಮಾಲಿನ್ಯ ಸೂಚ್ಯಂಕ, ಉಲ್ಲಂಘನೆಯ ದಿನಗಳು, ರೂಪಾಯಿ ಗುಣಕ, ಉದ್ಯಮದ ಗಾತ್ರ, ಸ್ಥಳದ ಗುಣಕ ಇವುಗಳ ಗುಣಲಬ್ಧ. ಕೆಂಪು ವರ್ಗದ (ಅತಿ ಹೆಚ್ಚು ಮಾಲಿನ್ಯದ) ದೊಡ್ಡ ಉದ್ಯಮ 30 ದಿನ ತಪ್ಪು ಮಾಡಿದರೆ, ಸ್ಥಳದ ಗುಣಕ ಒಂದು ಎಂದುಕೊಂಡರೂ, 80 × 30 × 250 × 1.5, ಅಂದರೆ 9 ಲಕ್ಷ. ಇಲ್ಲಿ ದಿನಗಳ ಎಣಿಕೆಯೇ ಎಲ್ಲ. ತಪ್ಪು ಕಂಡ ದಿನದಿಂದ ಸರಿಪಡಿಸಿದ ದಿನದವರೆಗೆ ಲೆಕ್ಕ. ಪರಿಶೀಲನೆಗೆ ಬಂದವರು ಸ್ಥಳದಲ್ಲೇ ಮಹಜರು ಬರೆಯದೆ ಹೋದರೆ ಎಣಿಕೆ ಶುರುವಾಗುವುದೇ ಇಲ್ಲ. ಇಂಥ ಪರಿಹಾರ ವಿಧಿಸುವ ಅಧಿಕಾರ ಮಂಡಳಿಗಳಿಗಿದೆ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 4ರಂದು ಎತ್ತಿಹಿಡಿದದ್ದು ಒಳ್ಳೆಯದೇ ಆಯಿತು.

ಹಲವು ಕಾನೂನುಗಳ ಜೈಲು ಶಿಕ್ಷೆಯನ್ನು ದಂಡಕ್ಕೆ ಇಳಿಸಿದ ಕೇಂದ್ರದ ಜನವಿಶ್ವಾಸ್ ತಿದ್ದುಪಡಿಯ ಬಗ್ಗೆ ಅಷ್ಟು ಸಮಾಧಾನ ಇಲ್ಲ. ಪರಿಸರ ಕಾಯ್ದೆಯ 15ನೇ ಕಲಮಿನಲ್ಲಿ ಮೊದಲು ಐದು ವರ್ಷದ ಜೈಲಿನ ಭಯವಿತ್ತು. 2024ರ ಏಪ್ರಿಲ್ 1ರಿಂದ ಅದರ ಜಾಗದಲ್ಲಿ 10 ಸಾವಿರದಿಂದ 15 ಲಕ್ಷದವರೆಗಿನ ದಂಡ. ನೂರು ಕೋಟಿಯ ಬಡಾವಣೆಗೆ 15 ಲಕ್ಷ ಖರ್ಚಿನ ಒಂದು ಸಾಲು ಅಷ್ಟೇ. ಜೈಲಿನ ಕಾಲದಲ್ಲೂ ಶಿಕ್ಷೆಯಾದವರು ಎಷ್ಟು ಮಂದಿ ಎಂದು ನೀವು ಕೇಳಬಹುದು, ಅದೂ ನ್ಯಾಯವೇ.

ಹಸಿರು ನ್ಯಾಯಮಂಡಳಿ

ಚೆನ್ನೈನ ದಕ್ಷಿಣ ಪೀಠಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಪರಿಹಾರ ಕೇಳದ ಅರ್ಜಿಗೆ 1,000 ರೂಪಾಯಿ ಶುಲ್ಕ. ಗಡುವು ಬಿಗಿ: 14ನೇ ಕಲಮಿನಡಿ ಕಾರಣ ಹುಟ್ಟಿದ ದಿನದಿಂದ ಆರು ತಿಂಗಳು, ಸಕಾರಣವಿದ್ದರೆ ಇನ್ನು 60 ದಿನ. ಪುನಃಸ್ಥಾಪನೆ, ಪರಿಹಾರಕ್ಕೆ 15ನೇ ಕಲಮಿನಡಿ ಐದು ವರ್ಷ. ಪರಿಸರ ಅನುಮೋದನೆಯನ್ನೇ ಪ್ರಶ್ನಿಸುವುದಾದರೆ 30 ದಿನ. ಇನ್ನೊಂದು ಗುಂಡಿ ಇದೆ. ನ್ಯಾಯಮಂಡಳಿಯ ವ್ಯಾಪ್ತಿಗೆ ಬರುವ ಕಾಯ್ದೆಗಳ ಪಟ್ಟಿಯಲ್ಲಿ ನಮ್ಮ ಭೂ ಕಂದಾಯ ಕಾಯ್ದೆಯೂ ಇಲ್ಲ, ಕೆರೆ ಪ್ರಾಧಿಕಾರ ಕಾಯ್ದೆಯೂ ಇಲ್ಲ. ಬರೀ ‘ಕೆರೆ ಒತ್ತುವರಿ’ ಎಂದು ಬರೆದರೆ ಇದು ಭೂವಿವಾದ ಎಂದು ವಾಪಸಾಗುವ ಅಪಾಯ. ಪರಿಸರ ಕಾಯ್ದೆ, ಜಲ ಕಾಯ್ದೆ, ಜೌಗು ಪ್ರದೇಶ ನಿಯಮಗಳ ಉಲ್ಲಂಘನೆಯಾಗಿ ಬರೆಯಬೇಕು.

ಪೀಠ ಸಾಮಾನ್ಯವಾಗಿ ಜಂಟಿ ಸಮಿತಿ ರಚಿಸಿ ವರದಿ ಕೇಳುತ್ತದೆ. ಬೆಳ್ಳಂದೂರಿನಲ್ಲಿ 2017 ಮತ್ತು 2018ರಲ್ಲಿ ಕೆರೆಯಲ್ಲೇ ಬೆಂಕಿ ಎದ್ದ ಮೇಲೆ, 2018ರ ಡಿಸೆಂಬರ್ 6ರ ಆದೇಶದಲ್ಲಿ ರಾಜ್ಯಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ಹಾಕಿ, 500 ಕೋಟಿಯನ್ನು ಪ್ರತ್ಯೇಕ ಖಾತೆಯಲ್ಲಿ ಇಡಿಸಿ, ನಿವೃತ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ನೇತೃತ್ವದ ಸಮಿತಿಗೆ ಉಸ್ತುವಾರಿ ಕೊಟ್ಟಿತು. ದುಡ್ಡು ಒಂದೆಡೆ ಕಟ್ಟಿಟ್ಟಿದ್ದೇ ಆ ಆದೇಶದ ಜೀವಾಳ. ಮಿಕ್ಕ ಆದೇಶಗಳು ಬಜೆಟ್ ಇಲ್ಲದ ಶುಭಾಶಯಗಳಾಗಿ ಉಳಿದುಬಿಡುತ್ತವೆ.

ತೆರವಾದ ಮೇಲೆ

ಮಾರಾಟದ ನಂತರದ ಸೇವೆ ಎನ್ನುತ್ತಾರಲ್ಲ, ಈ ವ್ಯವಸ್ಥೆಯಲ್ಲಿ ಅದರ ಹೆಸರು ‘ಕೆರೆ ಅಭಿವೃದ್ಧಿ’. ಹೂಳೆತ್ತಿ, ಆ ಮಣ್ಣಿನಲ್ಲೇ ಸುತ್ತ ಏರಿ ಕಟ್ಟಿ, ಮೇಲೆ ನಡಿಗೆ ಪಥ, ಹೊರಗೆ ಬೇಲಿ. ನೋಡಲು ಅಚ್ಚುಕಟ್ಟು. ಆದರೆ ಮಂಡಿಯುದ್ದದ ನೀರು ನಿಲ್ಲುತ್ತಿದ್ದ ಆಳವಿಲ್ಲದ ದಡ ಮಾಯವಾಗುತ್ತದೆ, ಕೊಕ್ಕರೆಗೆ ನಿಲ್ಲಲು ಜಾಗವಿಲ್ಲ, ಜೊಂಡು ಬೆಳೆಯಲು ನೆಲವಿಲ್ಲ. ಸುತ್ತೇರಿಯ ಆಚೆ, ದಾಖಲೆಯ ಗಡಿಯ ಈಚೆ ಉಳಿದ ಪಟ್ಟಿಗೆ ದಿಕ್ಕಿಲ್ಲ. ಮೊದಲು ಅಲ್ಲಿ ಕಸ, ಆಮೇಲೆ ಪಾರ್ಕಿಂಗ್, ಕೊನೆಗೆ ರಸ್ತೆ. ಬೇಲಿಯನ್ನು ಸರ್ಕಾರವೇ ಹಾಕಿರುವುದರಿಂದ ಕೆರೆ ಅಲ್ಲಿಗೇ ಮುಗಿಯಿತು ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ.

ನಿಮ್ಮ ಊರಿನ ಕೆರೆಗೆ ಯೋಜನಾ ವರದಿ ಸಿದ್ಧವಾಗುತ್ತಿದ್ದರೆ ಟೆಂಡರಿಗೆ ಮೊದಲೇ ಅದರ ಪ್ರತಿ ಕೇಳಿ ಮೂರು ಹಾಳೆ ತಿರುವಿ: ಹದ್ದುಬಸ್ತಿನ ಸ್ಕೆಚ್, ಕೋಡಿಯ ಮಟ್ಟ, ಬೇಲಿಯ ಗೆರೆ. ಸ್ಕೆಚ್ ಮತ್ತು ಬೇಲಿಯ ನಡುವೆ ಅಂತರ ಕಂಡರೆ ಎಷ್ಟು ಎಕರೆ, ಎಷ್ಟು ಗುಂಟೆ ಎಂದು ಲೆಕ್ಕ ಹಾಕಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕೆರೆ ಸಮಿತಿಗೂ ಕೆರೆ ಪ್ರಾಧಿಕಾರಕ್ಕೂ ಬರೆದು ಸ್ವೀಕೃತಿ ಪಡೆಯಿರಿ. ಕಾಮಗಾರಿ ಶುರುವಾದ ಮೇಲೆ ಬೇಲಿ ಸರಿಸಲು ಗುತ್ತಿಗೆದಾರರು ಹೆಚ್ಚುವರಿ ಬಿಲ್ ಕೇಳುತ್ತಾರೆ, ಅದನ್ನು ಮಂಜೂರು ಮಾಡುವವರು ಸಿಗುವುದಿಲ್ಲ.